ಜೀರ್ಣೋದ್ಧಾರವೂ ಜಾಜಿಯ ಬಳ್ಳಿಯೂ

'ಜೀರ್ಣೋದ್ಧಾರ'ವೆಂಬ ಮಾತಿನಲ್ಲಿ ಎರಡು ಪದಗಳು ಅಡಗಿವೆ. ಕಾಲವಶದಿಂದ ಸವೆದು ಶಿಥಿಲವಾದುದು ಜೀರ್ಣ. ಬಿದ್ದುದನ್ನು ಕೈಹಿಡಿದು ಮೇಲಕ್ಕೆತ್ತುವುದು ಉದ್ಧಾರ. ಈ ಮಾತು ಕಲ್ಲುಗಾರೆಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಲೋಕವು ಭಾವಿಸಿದೆ. ಬಿರುಕು ಬಿಟ್ಟ ಗೋಡೆ, ಸೋರುವ ಮಾಳಿಗೆ, ಓರೆಯಾದ ಧ್ವಜಸ್ತಂಭ, ಬಣ್ಣಗೆಟ್ಟ ಗೋಪುರ ಇವುಗಳ ಕಡೆಗೆ ದಾನಿಗಳ ದೃಷ್ಟಿ ಸಹಜವಾಗಿ ಹರಿಯುತ್ತದೆ, ಹರಿಯಲೂ ಬೇಕು. ಆದರೆ ದೇವಾಲಯವೆಂದರೆ ಕಟ್ಟಡವೊಂದೇ ಅಲ್ಲ. ಗರ್ಭಗೃಹದ ಮೂರ್ತಿ, ಪ್ರಾಕಾರದ ಬಾವಿ, ನೆರಳನ್ನೀಯುವ ಅಶ್ವತ್ಥ ಅಥವಾ ಬಿಲ್ವವೃಕ್ಷ, ನಿತ್ಯಪೂಜೆಗೆ ಹೂವನ್ನೊದಗಿಸುವ ನಂದನವನ ಇವೆಲ್ಲವೂ ಕೂಡಿದಾಗಲೇ ದೇವರ ಮನೆ ಪೂರ್ಣವಾಗುತ್ತದೆ. ಇವುಗಳಲ್ಲಿ ಮೊದಲನೆಯದಕ್ಕೆ ಎಲ್ಲರೂ ಕೈ ಜೋಡಿಸುತ್ತಾರೆ. ಕಡೆಯದು ಯಾರ ನೆನಪಿಗೂ ಬಾರದೆ ಒಣಗುತ್ತದೆ.

ಎಷ್ಟೋ ಹಳೆಯ ಗುಡಿಗಳ ಹಿಂಭಾಗದಲ್ಲಿ, ಬಾವಿಯ ಕಟ್ಟೆಯ ಪಕ್ಕದಲ್ಲಿ, ಒಂದು ಜಾಜಿಯ ಬಳ್ಳಿ ಇರುತ್ತದೆ. ಅದನ್ನು ನೆಟ್ಟವರಾರೋ ಇಂದಿನವರಿಗೆ ತಿಳಿಯದು. ಬುಡದಲ್ಲಿ ಹೆಬ್ಬೆರಳಿಗಿಂತ ದಪ್ಪನಾದ ಕಾಂಡ, ಮೇಲೆ ಹಳದಿಗಟ್ಟಿದ ನಾಲ್ಕು ಎಲೆ, ಹಬ್ಬಲು ಆಸರೆಯಿಲ್ಲದೆ ನೆಲಕ್ಕೆ ಜೋತುಬಿದ್ದ ಕುಡಿಗಳು, ಅಲ್ಲೊಂದು ಇಲ್ಲೊಂದು ಹೂವು. ಜೀರ್ಣೋದ್ಧಾರದ ಕಾಲದಲ್ಲಿ ಪ್ರಾಕಾರಕ್ಕೆ ಕಲ್ಲು ಹಾಸುವ ಪ್ರಸಂಗ ಬಂದಾಗ, 'ಇದು ಇನ್ನೇನು ಹೂ ಬಿಟ್ಟೀತು, ಕಿತ್ತುಹಾಕಿರಿ' ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಆ ಮಾತು ಧರ್ಮಸಮ್ಮತವೇ? ಜೀರ್ಣವಾದ ಗೋಡೆಗೆ ಉದ್ಧಾರವುಂಟು, ಜೀರ್ಣವಾದ ಬಳ್ಳಿಗೆ ಉದ್ಧಾರವಿಲ್ಲವೇ? ಈ ಪ್ರಶ್ನೆಯು ಚಿಕ್ಕದಾಗಿ ಕಂಡರೂ ಅದರ ಉತ್ತರವು ಚಿಕ್ಕದಲ್ಲ.

ಅಗಳಿ ಮತ್ತು ಅದರ ಸುತ್ತಣ ಮಡಕಶಿರಾ ಸೀಮೆಯ ನೆಲವು ಬಳ್ಳಿಗೆ ತವರಿನಂಥ ನೆಲವಲ್ಲ. ಬಹುಕಾಲ ಅನಂತಪುರ ಜಿಲ್ಲೆಗೆ ಸೇರಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಈ ಗಡಿನಾಡು ಮಳೆಯ ಮಟ್ಟಿಗೆ ಬಡನಾಡು. ಅನಂತಪುರದ ಸೀಮೆಗೆ ವರ್ಷವೊಂದಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದೂ ಹೆಚ್ಚಾಗಿ ಭಾದ್ರಪದ ಆಶ್ವಯುಜಗಳಲ್ಲಿ. ಮಣ್ಣು ಕೆಂಪು, ಮರಳುಮಿಶ್ರ, ತೆಳು. ಬಿದ್ದ ನೀರನ್ನು ಬಹುಕಾಲ ಹಿಡಿದಿಡದು. ತೆರೆದ ಬಾವಿಗಳು ಬತ್ತಿದ ಬಳಿಕ ಆಳದ ಕೊಳವೆಬಾವಿಗಳೇ ಗತಿಯಾಗಿವೆ. ಅವುಗಳ ನೀರು ಬಹಳ ಕಡೆ ಗಡುಸು. ಇಂಥ ನೆಲದಲ್ಲಿ ಒಂದು ಬಳ್ಳಿ ಹತ್ತಾರು ವರ್ಷ ಉಳಿದು ಬಂದಿದೆಯೆಂದರೆ ಅದು ನಿಷ್ಪ್ರಯೋಜಕವೆನ್ನುವುದಕ್ಕಿಂತ ತಪಸ್ವಿಯೆನ್ನುವುದೇ ಮೇಲು.

ಇದೇ ಸೀಮೆಯ ಹೇಮಾವತಿಯನ್ನು ಶಾಸನಗಳು ಹೆಂಜೇರು ಎಂದು ಕರೆದಿವೆ. ನೊಳಂಬ ಅರಸರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಸಿದ್ಧೇಶ್ವರನೂ ದೊಡ್ಡೇಶ್ವರನೂ ಇಂದಿಗೂ ಪೂಜೆಗೊಳ್ಳುತ್ತಿದ್ದಾರೆ. ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನು ನೋಡಿದವರು ಸಾವಿರ ವರ್ಷಗಳ ಹಿಂದಿನ ಶಿಲ್ಪಿಯ ಕೈಗೆ ಮನಸಾರೆ ನಮಸ್ಕರಿಸದಿರರು. ಕಲ್ಲಿನಲ್ಲಿ ಬಳ್ಳಿ ಸುರುಳಿಸುರುಳಿಯಾಗಿ ಹಬ್ಬಿ, ಬೆಳಕನ್ನು ಸೋಸಿ ಒಳಗೆ ಬಿಡುತ್ತದೆ. ಆ ಬಳ್ಳಿಗೆ ನೀರು ಬೇಡ, ಗೊಬ್ಬರ ಬೇಡ. ಬಿಸಿಲಿಗೆ ಅದು ಬಾಡದು. ಆದರೆ ಅದರಿಂದ ಒಂದು ಹೂವನ್ನು ಕೊಯ್ದು ದೇವರ ತಲೆಯ ಮೇಲೆ ಇರಿಸಲಾಗದು. ಶಿಲ್ಪಿಯು ಕಲ್ಲಿನ ಬಳ್ಳಿಯನ್ನು ಕಡೆದದ್ದು ಜೀವಂತ ಬಳ್ಳಿಯನ್ನು ಕಣ್ಣಾರೆ ಕಂಡು ಪ್ರೀತಿಸಿದ್ದರಿಂದಲೇ ಅಲ್ಲವೇ? ಕಲ್ಲಿನದನ್ನು ಕಾಪಾಡಿ ಜೀವದ್ದನ್ನು ಕಿತ್ತೆಸೆಯುವುದು ಪ್ರತಿಬಿಂಬವನ್ನು ಪೂಜಿಸಿ ಬಿಂಬವನ್ನು ತಿರಸ್ಕರಿಸಿದಂತೆ.

ಭಕ್ತಿಯನ್ನು ಬಳ್ಳಿಗೆ ಹೋಲಿಸುವುದು ನಮ್ಮ ಪರಂಪರೆಯಲ್ಲಿ ಬಹು ಹಳೆಯದು. ಶ್ರೀ ಶಂಕರಭಗವತ್ಪಾದರದೆಂದು ಪ್ರಸಿದ್ಧವಾದ ಶಿವಾನಂದಲಹರಿಯ 49ನೆಯ ಶ್ಲೋಕದಲ್ಲಿ ಈ ಹೋಲಿಕೆಯು ತೋಟಗಾರನೂ ಮೆಚ್ಚುವಷ್ಟು ವಿವರವಾಗಿ ಬಂದಿದೆ. ಅದರ ತಾತ್ಪರ್ಯವಿಷ್ಟು: ಪರಮೇಶ್ವರನ ಪಾದಕಮಲವೇ ಆನಂದರಸ ತುಂಬಿದ ಪಾತಿ, ಅಲ್ಲಿ ಹುಟ್ಟಿದ ಭಕ್ತಿಯೆಂಬ ಎಳೆಬಳ್ಳಿ ಸ್ಥೈರ್ಯವೆಂಬ ಆಸರೆಯನ್ನು ಹಿಡಿದು ಮೇಲೇರಿ, ಕವಲೊಡೆದು, ಮನಸ್ಸೆಂಬ ಎತ್ತರದ ಚಪ್ಪರವನ್ನು ಆವರಿಸಿ, ಸತ್ಕರ್ಮಗಳಿಂದ ಪೋಷಿತವಾಗಿ ಇಷ್ಟಫಲವನ್ನು ಕೊಡಲಿ. ಪಾತಿ, ಆಸರೆ, ಚಪ್ಪರ, ಪೋಷಣೆ ಎಂಬ ನಾಲ್ಕು ಅಂಗಗಳೂ ಇಲ್ಲಿವೆ. ಸೊರಗಿದ ಬಳ್ಳಿಯನ್ನು ಎತ್ತಬೇಕೆನ್ನುವವನು ವಿಚಾರಿಸಬೇಕಾದುದೂ ಈ ನಾಲ್ಕನ್ನೇ. ಸೊರಗಿದ ಮನಸ್ಸನ್ನು ಎತ್ತಬೇಕೆನ್ನುವವನಿಗೂ ಬೇರೆ ದಾರಿಯಿಲ್ಲ.

ಮೊದಲನೆಯದು ಪಾತಿ. ಬಳ್ಳಿ ಒಣಗಿದೊಡನೆ ಜನರು ಎಲೆಯನ್ನು ನೋಡುತ್ತಾರೆ. ಬಲ್ಲವನು ಬುಡವನ್ನು ನೋಡುತ್ತಾನೆ. ಬುಡದ ಸುತ್ತ ಜನರ ತುಳಿದಾಟದಿಂದ ಮಣ್ಣು ಗಟ್ಟಿಯಾಗಿದ್ದರೆ ಮೇಲೆ ಸುರಿದ ನೀರು ಬೇರಿಗೆ ಇಳಿಯದೆ ಹರಿದುಹೋಗುತ್ತದೆ. ಬೇರಿಗೆ ಪೆಟ್ಟಾಗದಂತೆ ಮೇಲ್ಮಣ್ಣನ್ನು ಮೆಲ್ಲನೆ ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಸುಮಾರು 10 ಕಿಲೋಗ್ರಾಂನಷ್ಟು ಬೆರೆಸಿ, ಸುತ್ತಲೂ ಪಾತಿ ಕಟ್ಟಿ, ಮೇಲೆ ಒಣಗಿದ ತರಗೆಲೆಯನ್ನು ಹೊದಿಸಿದರೆ ಕೆಂಪು ನೆಲವೂ ತೇವವನ್ನು ಹಿಡಿಯುತ್ತದೆ. ನೀರು ಕಡಿಮೆಯಾದರೆ ಬಳ್ಳಿ ಬಾಡುವಂತೆ, ನೀರು ನಿಂತರೆ ಬೇರು ಕೊಳೆತು ಸಾಯುತ್ತದೆಂಬುದನ್ನೂ ಮರೆಯಲಾಗದು. ಪ್ರತಿದಿನವೂ ನಾಲ್ಕು ಹನಿ ಚಿಮುಕಿಸುವುದಕ್ಕಿಂತ, ಬೇಸಗೆಯಲ್ಲಿ ವಾರಕ್ಕೆ ಒಂದೆರಡು ಬಾರಿ ಬೇರು ನೆನೆಯುವಂತೆ ನೀರುಣಿಸುವುದು ಹಿತ. ಮನಸ್ಸಿನ ಪಾತಿಯೂ ಹೀಗೆಯೇ. ಲೌಕಿಕದ ತುಳಿದಾಟದಿಂದ ಗಟ್ಟಿಯಾದ ಹೃದಯದ ಮೇಲೆ ಎಷ್ಟು ಪ್ರವಚನಗಳ ಮಳೆ ಸುರಿದರೂ ಅದು ಹರಿದುಹೋಗುತ್ತದೆ. ನೆಲ ಮೊದಲು ಸಡಿಲವಾಗಬೇಕು; ಆ ಸಡಿಲಿಕೆಗೇ ವಿನಯವೆಂದು ಹೆಸರು.

ದೇವಾಲಯದ ಬಳ್ಳಿಗೆ ಇನ್ನೊಂದು ಭಾಗ್ಯವುಂಟು. ಅಭಿಷೇಕದ ನೀರು ಗೋಮುಖದಿಂದ ಹೊರಬಂದು ಹೂದೋಟಕ್ಕೆ ಹರಿಯುವಂತೆ ಹಿರಿಯರು ಅನೇಕ ಕಡೆ ಕಾಲುವೆ ಮಾಡಿದ್ದರು. ದೇವರ ಮೈ ತೊಳೆದ ನೀರು ಬಳ್ಳಿಗೆ, ಬಳ್ಳಿಯ ಹೂವು ಮತ್ತೆ ದೇವರ ಮುಡಿಗೆ. ಕೊಟ್ಟದ್ದು ಕೊಟ್ಟವನಿಗೇ ಮರಳುವ ಈ ಚಕ್ರದಲ್ಲಿ ನೀರಿನ ಒಂದು ಬಿಂದುವೂ ವ್ಯರ್ಥವಾಗದು. ನೂತನ ಹಾಸುಗಲ್ಲಿನ ಕೆಳಗೆ ಈ ಕಾಲುವೆ ಮುಚ್ಚಿಹೋಗಿ ತೀರ್ಥವು ಬೀದಿಯ ಚರಂಡಿಗೆ ಸೇರುವಂತಾದರೆ ಅದು ಜೀರ್ಣೋದ್ಧಾರದಲ್ಲಾದ ದೊಡ್ಡ ಲೋಪವೇ ಸರಿ. ಆದರೆ ಭಕ್ತಿಯ ಭರದಲ್ಲಿ ಹಾಲು, ತುಪ್ಪ, ಸಕ್ಕರೆ, ಜೇನುಗಳನ್ನು ಹಾಗೆಯೇ ಬುಡಕ್ಕೆ ಬಿಡುವುದು ಸಲ್ಲದು. ಜಿಡ್ಡು ಮಣ್ಣಿನ ಮೇಲೆ ಪದರಗಟ್ಟುತ್ತದೆ. ಸಿಹಿ ಇರುವೆಯನ್ನು ಕರೆಯುತ್ತದೆ. ಶುದ್ಧೋದಕದ ನೀರನ್ನೇ ಬಳ್ಳಿಯ ಕಡೆಗೆ ತಿರುಗಿಸಬೇಕು. ದೇವರಿಗೆ ಪ್ರಿಯವಾದುದೆಲ್ಲವೂ ಬಳ್ಳಿಗೆ ಪಥ್ಯವಲ್ಲ. ಕೊಡುವವನ ಸಂತೋಷಕ್ಕಿಂತ ಪಡೆಯುವವನ ಅಗತ್ಯವೇ ದಾನದ ಅಳತೆಗೋಲು.

ನೀರು ಗೊಬ್ಬರಗಳಿದ್ದೂ ಎಲೆ ಹಳದಿಯಾಗುವುದುಂಟು. ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಣ ಭಾಗವೆಲ್ಲ ಬೆಳ್ಳಗಾದರೆ, ಅದು ಕಬ್ಬಿಣದ ಅಂಶದ ಕೊರತೆ. ಸುಣ್ಣದಂಶ ಹೆಚ್ಚಿರುವ ಮಣ್ಣುನೀರುಗಳಲ್ಲಿ ಕಬ್ಬಿಣವು ನೆಲದಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸಿದರೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಸಿಂಪಡಿಸಿದರೆ, ಹಸಿರು ಮರಳುತ್ತದೆ. ಇದ್ದೂ ದಕ್ಕದ ಈ ಸ್ಥಿತಿಯು ಮನುಷ್ಯನ ಬಾಳಿನಲ್ಲಿಯೂ ಅಪರೂಪವಲ್ಲ. ಮನೆಯಲ್ಲಿ ದೇವರಕೋಣೆಯುಂಟು, ಊರಿನಲ್ಲಿ ಗುಡಿಯುಂಟು, ಕಪಾಟಿನಲ್ಲಿ ಗ್ರಂಥವುಂಟು. ಆದರೂ ಒಳಗೆ ಶಾಂತಿಯಿಲ್ಲ. ಕೊರತೆ ವಸ್ತುವಿನದಲ್ಲ, ಹೀರಿಕೊಳ್ಳುವ ಶಕ್ತಿಯದು. ಅಂಥವನನ್ನು 'ನಾಸ್ತಿಕ'ನೆಂದು ಬೈದು ಫಲವಿಲ್ಲ. ಹತ್ತಿರ ಕುಳಿತು ಅವನಿಗೆ ದಕ್ಕುವ ರೂಪದಲ್ಲಿ ನಾಲ್ಕು ಒಳ್ಳೆಯ ಮಾತು ಹೇಳುವ ಸಜ್ಜನನ ಸಂಗ ಬೇಕು.

ಎರಡನೆಯದು ಆಸರೆ. ಬಳ್ಳಿಯ ಸ್ವಭಾವವೇ ಅವಲಂಬನೆ, ಅದು ದೋಷವಲ್ಲ. ಇದೇ ಶಿವಾನಂದಲಹರಿಯ 61ನೆಯ ಶ್ಲೋಕವು ಭಕ್ತಿಯೆಂದರೇನೆಂಬುದಕ್ಕೆ ಐದು ದೃಷ್ಟಾಂತಗಳನ್ನು ಕೊಡುತ್ತ, ಮರವನ್ನು ಅಪ್ಪುವ ಬಳ್ಳಿಯನ್ನೂ ಅವುಗಳಲ್ಲಿ ಸೇರಿಸಿದೆ. ಆಸರೆ ಹುಡುಕುವ ಕುಡಿ ಗಾಳಿಯಲ್ಲಿ ತೂಗಾಡುವುದನ್ನು ಕಂಡವರ ಮನಸ್ಸು ಕರಗಬೇಕು. ಹಾಗೆ ಕರಗಿದವರಲ್ಲಿ ತಮಿಳುನಾಡಿನ ಪಾರಿಯ ಹೆಸರು ಅಮರವಾಗಿದೆ. ಪರಂಬು ಬೆಟ್ಟದ ಒಡೆಯನೂ ಕಪಿಲರ್ ಕವಿಯ ಮಿತ್ರನೂ ಆಗಿದ್ದ ಆ ಅರಸನು, ಹಬ್ಬಲು ಆಧಾರವಿಲ್ಲದೆ ತತ್ತರಿಸುತ್ತಿದ್ದ ಮುಲ್ಲೆಯ ಬಳ್ಳಿಯೊಂದನ್ನು ಕಂಡು, ತಾನು ಏರಿ ಬಂದ ರಥವನ್ನೇ ಅದಕ್ಕೆ ಬಿಟ್ಟುಕೊಟ್ಟು ನಡೆದು ಹೋದನೆಂದು ಸಂಘಕಾಲದ ಕಾವ್ಯಗಳು ಸ್ಮರಿಸುತ್ತವೆ. ಬಳ್ಳಿ ಬಾಯಿಬಿಟ್ಟು ಬೇಡಲಿಲ್ಲ. ಕೊಟ್ಟದ್ದಕ್ಕೆ ಹೊಗಳಲೂ ಇಲ್ಲ. ಬೇಡಲಾರದವರ ಅಗತ್ಯವನ್ನು ಕಂಡುಕೊಳ್ಳುವುದೇ ಅರಸುತನವೆಂದು ಕವಿಗಳು ಆ ಕಥೆಯಿಂದ ಕಂಡರು.

ಅಗಳಿಯ ರೈತನಿಗೆ ರಥವಿಲ್ಲ. ಬಳ್ಳಿಗೆ ರಥವೇ ಬೇಕೆಂದೂ ಇಲ್ಲ. ನಾಲ್ಕು ಕಲ್ಲುಕಂಬ, ಎರಡು ಬಿದಿರು ಗಳ, ಒಂದು ಹಿಡಿ ಬಾಳೆನಾರು ಸಾಕು. ಕುಡಿಯನ್ನು ಕಟ್ಟುವಾಗ ಕಬ್ಬಿಣದ ತಂತಿಯನ್ನಾಗಲಿ ಪ್ಲಾಸ್ಟಿಕ್ ದಾರವನ್ನಾಗಲಿ ಬಿಗಿಯುವುದುಂಟು. ಕಾಂಡ ದಪ್ಪವಾದಂತೆ ಆ ಕಟ್ಟೇ ಅದರ ಕೊರಳನ್ನು ಕೊಯ್ಯುತ್ತದೆ. ಬಾಳೆನಾರಾದರೋ ಕೆಲವು ಕಾಲ ಹಿಡಿದಿದ್ದು, ಬಳ್ಳಿ ತಾನೇ ಸುತ್ತಿಕೊಂಡ ಮೇಲೆ ಸದ್ದಿಲ್ಲದೆ ಕಳಚಿ ಬೀಳುತ್ತದೆ. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಗಾದೆಯಲ್ಲಿ ನಾರಿನ ಭಾಗ್ಯವನ್ನು ಹೊಗಳುತ್ತಾರೆ. ಬಳ್ಳಿಯ ಬುಡದಲ್ಲಿ ನೋಡಿದರೆ ಆ ಭಾಗ್ಯವನ್ನು ನಾರು ಸೇವೆಯಿಂದಲೇ ಸಂಪಾದಿಸಿದೆ. ಹಿಡಿದಿರಬೇಕು, ಆದರೆ ಬಿಗಿಯಬಾರದು. ಸಮಯ ಬಂದಾಗ ಬಿಡಬೇಕು. ತಂದೆತಾಯಿಗಳಿಗೂ ಗುರುಗಳಿಗೂ ಇದಕ್ಕಿಂತ ಹೆಚ್ಚಿನ ನೀತಿ ಬೇಕಿಲ್ಲ. ಗಡಿನಾಡಿನ ಮಗುವಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಎರಡು ಕಂಬಗಳ ನಡುವೆ ಬೆಳೆಯುವ ಆ ಕುಡಿಯನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಬಿಗಿಯುವುದು ಬೇಡ; ಎರಡಕ್ಕೂ ಚಪ್ಪರ ಹಾಕಿದರೆ ನೆರಳು ಇಬ್ಬರಿಗೂ ದೊರೆಯುತ್ತದೆ.

ಮೂರನೆಯದು ಶ್ಲೋಕದಲ್ಲಿ ಹೇಳದ, ಆದರೆ ತೋಟದಲ್ಲಿ ಬಿಡಲಾಗದ ಒಂದು ಕೆಲಸ. ಅದು ಕತ್ತರಿಯ ಕೆಲಸ. ಜಾಜಿಯು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿಗಳೆಲ್ಲವನ್ನೂ ಹಾಗೆಯೇ ಬಿಟ್ಟರೆ ಬೇರು ತಂದ ಸಾರವೆಲ್ಲ ಒಣಕಡ್ಡಿಗಳ ಪೋಷಣೆಗೇ ವ್ಯಯವಾಗುತ್ತದೆ. ಆದುದರಿಂದ ಹೂವಿನ ಕಾಲ ಮುಗಿದು ಚಳಿ ಬಂದಮೇಲೆ, ಡಿಸೆಂಬರ್ ಕಡೆಯಿಂದ ಜನವರಿಯೊಳಗೆ, ಸತ್ತ ಕಡ್ಡಿ, ರೋಗದ ಕಡ್ಡಿ, ಒಂದನ್ನೊಂದು ಉಜ್ಜುವ ಕಡ್ಡಿಗಳನ್ನು ತೆಗೆದು ಉಳಿದವನ್ನು ಮೊಟಕು ಮಾಡಬೇಕು. ಬಹಳ ಸೊರಗಿದ ಬಳ್ಳಿಯನ್ನು ಒಮ್ಮೆಗೇ ಬೋಳಿಸದೆ ಎರಡು ವರ್ಷಗಳಲ್ಲಿ ಹಂತಹಂತವಾಗಿ ಸವರುವುದು ಕ್ಷೇಮ. ನೋಡುವವರಿಗೆ ಇದು ಕ್ರೌರ್ಯವಾಗಿ ತೋರಬಹುದು. 'ಇದ್ದುದನ್ನೂ ಕಡಿದರಲ್ಲ' ಎಂದು ಮರುಗುವವರು ಮುಂದಿನ ಆಷಾಢ ಶ್ರಾವಣದಲ್ಲಿ ಬಂದು ನೋಡಬೇಕು. ಬಾಳಿನಲ್ಲಿ ಭಗವಂತನು ಆಡಿಸುವ ಕತ್ತರಿಯನ್ನೂ ಕೆಲವೊಮ್ಮೆ ಹೀಗೆಯೇ ತಿಳಿಯಬೇಕಾಗುತ್ತದೆ. ಆದರೆ ಪರರ ಕಷ್ಟವನ್ನು ಕಂಡು 'ದೇವರು ಸವರುತ್ತಿದ್ದಾನೆ' ಎಂದು ಸುಮ್ಮನಿರುವ ಹಕ್ಕು ಯಾರಿಗೂ ಇಲ್ಲ. ಸವರಿದ ಬಳ್ಳಿಗೆ ಆ ದಿನವೇ ನೀರೆರೆಯುವುದು ಮನುಷ್ಯನ ಕರ್ತವ್ಯ.

ಇಷ್ಟೆಲ್ಲ ಮಾಡಿಯೂ ಮುದಿ ಬಳ್ಳಿ ಉಳಿಯದಿದ್ದರೆ? ಅದಕ್ಕೂ ಉಪಾಯವುಂಟು. ಅದರ ಒಂದು ಜೀವಂತ ಕುಡಿಯನ್ನು ಬಾಗಿಸಿ, ಗೆಣ್ಣಿನ ಬಳಿ ತೊಗಟೆಯನ್ನು ಸ್ವಲ್ಪ ಗಾಯಮಾಡಿ, ಆ ಭಾಗವನ್ನು ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲನ್ನಿರಿಸಿ, ತೇವ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಲ್ಲಿ ಅಲ್ಲಿ ಬೇರು ಬರುತ್ತದೆ. ಅನಂತರ ತಾಯಿಬಳ್ಳಿಯಿಂದ ಬೇರ್ಪಡಿಸಿ ಒಂದೂವರೆ ಅಡಿಯ ಗುಂಡಿಯಲ್ಲಿ, ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವೆಡೆಯಲ್ಲಿ ನೆಡಬಹುದು. ಹೀಗೆ ಹುಟ್ಟಿದ ಬಳ್ಳಿ ಹೊಸದಲ್ಲ. ಅಜ್ಞಾತನಾದ ಆ ಮೊದಲ ಭಕ್ತನು ನೆಟ್ಟ ಬಳ್ಳಿಯೇ ಮತ್ತೊಂದು ಮೈ ತಳೆದು ನಿಂತದ್ದು. ಗುಡಿಯ ಕಲ್ಲುಗಳು ಬದಲಾದರೂ ದೇವರು ಅವನೇ ಆಗಿರುವಂತೆ, ಕಾಂಡ ಬದಲಾದರೂ ಹೂವು ಅದೇ ಆಗಿರುತ್ತದೆ.

ಹೂವು ಅಂಗಡಿಯಲ್ಲಿ ದೊರೆಯುವಾಗ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಪೇಟೆಯ ಹೂವೂ ಯಾರೋ ಒಬ್ಬ ರೈತನ ಬೆವರಿನಿಂದಲೇ ಅರಳಿದ್ದು, ಅದನ್ನು ದೇವರು ಒಲ್ಲೆನೆನ್ನುವುದಿಲ್ಲ. ಭಗವದ್ಗೀತೆಯ 9ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತನಗೆ ಎಲೆ, ಹೂವು, ಹಣ್ಣು, ನೀರುಗಳೂ ಸಾಕೆಂದು ಹೇಳುವಾಗ ಬೆಲೆಯ ಮಾತನ್ನೆತ್ತಲಿಲ್ಲ, ಭಕ್ತಿಯ ಮಾತನ್ನೆತ್ತಿದನು. ಭಕ್ತಿಯೆಂದರೆ ಪೂಜೆಯ ಹೊತ್ತಿನ ಐದು ನಿಮಿಷವಲ್ಲ. ಮೊಗ್ಗು ಮೂಡಿತೇ ಎಂದು ಸಂಜೆ ನೋಡಿದ್ದು, ಹುಳು ಬಿದ್ದಿತೇ ಎಂದು ಎಲೆಯ ಅಡಿಯನ್ನು ತಿರುವಿದ್ದು, ಊರಿಗೆ ಹೋಗುವಾಗ ನೆರೆಯವರಿಗೆ 'ಬಳ್ಳಿಗೆ ಎರಡು ಕೊಡ ನೀರು ಹಾಕಿರಮ್ಮ' ಎಂದು ಹೇಳಿ ಹೋದದ್ದು, ಇವೆಲ್ಲವೂ ಅರ್ಚನೆಯ ಭಾಗಗಳೇ. ಕಾಳಿದಾಸನ ಶಕುಂತಲೆಯು ಗಿಡಗಳಿಗೆ ನೀರೆರೆಯದೆ ತಾನು ನೀರು ಕುಡಿಯುತ್ತಿರಲಿಲ್ಲ. ಗಂಡನ ಮನೆಗೆ ಹೊರಟಾಗ ವನಜ್ಯೋತ್ಸ್ನೆಯೆಂದು ತಾನು ಹೆಸರಿಟ್ಟಿದ್ದ ಬಳ್ಳಿಯನ್ನು ತಂಗಿಯಂತೆ ಅಪ್ಪಿ, ಅದನ್ನು ಸಖಿಯರ ಕೈಗೆ ಒಪ್ಪಿಸಿದಳು. ಶ್ರೀಶೈಲದ ಸ್ಥಳಪುರಾಣದಲ್ಲಿ ಚಂದ್ರಾವತಿಯೆಂಬ ರಾಜಕುವರಿ ಮಲ್ಲಿಕಾಪುಷ್ಪಗಳಿಂದ ಶಿವನನ್ನು ಪೂಜಿಸಿದ್ದರಿಂದ ಅವನಿಗೆ ಮಲ್ಲಿಕಾರ್ಜುನನೆಂಬ ಹೆಸರು ಬಂದಿತೆಂಬ ಕಥೆಯಿದೆ. ಜಗದೊಡೆಯನು ಒಂದು ಬಳ್ಳಿಯ ಹೆಸರನ್ನು ತನ್ನ ಹೆಸರಿನ ಮುಂದಿರಿಸಿಕೊಂಡನು. ಅಕ್ಕಮಹಾದೇವಿಯು ಜೀವಮಾನವೆಲ್ಲ ಕರೆದದ್ದು ಆ ಹೆಸರನ್ನೇ.

ಇಲ್ಲಿ ತಿರುಮಲೆಯ ಅನಂತಾಳ್ವಾರರನ್ನು ನೆನೆಯದಿರಲಾಗದು. ಕನ್ನಡನಾಡಿನ ಕಾವೇರಿಯ ಸೀಮೆಯಲ್ಲಿ ಜನಿಸಿದವರೆಂದು ಪ್ರತೀತಿಯಿರುವ ಆ ಮಹನೀಯರು ಶ್ರೀರಾಮಾನುಜರ ಶಿಷ್ಯರು. ಬೆಟ್ಟದ ಮೇಲೆ ನೆಲೆಸಿ ಶ್ರೀನಿವಾಸನಿಗೆ ಹೂದೋಟ ಮಾಡುವವರಾರೆಂದು ಆಚಾರ್ಯರು ಸಭೆಯಲ್ಲಿ ಕೇಳಿದಾಗ ಮುಂದೆ ಬಂದವರು ಅವರೊಬ್ಬರೇ ಎಂದು ಗುರುಪರಂಪರೆ ಹೇಳುತ್ತದೆ. ಅಂದು ಬೆಟ್ಟವೆಂದರೆ ಚಳಿ, ಕಾಡು, ಮೃಗಭಯ. ಹೂದೋಟಕ್ಕೆ ನೀರು ಬೇಕೆಂದು ದಂಪತಿಗಳು ತಾವೇ ಕೆರೆ ತೋಡಿದರು. ಗರ್ಭಿಣಿಯಾದ ಹೆಂಡತಿ ಮಣ್ಣು ಹೊತ್ತಳು. ನೆರವಿಗೆ ಬಂದ ಬಾಲಕನ ಮೇಲೆ ಸಿಟ್ಟಾಗಿ ಅವರೆಸೆದ ಹಾರೆ ಅವನ ಗಲ್ಲಕ್ಕೆ ತಗುಲಿತು. ಗುಡಿಯೊಳಗೆ ನೋಡಿದರೆ ಸ್ವಾಮಿಯ ಗಲ್ಲದಲ್ಲಿ ರಕ್ತವಿತ್ತು. ಆ ಹಾರೆಯನ್ನು ಇಂದಿಗೂ ತಿರುಮಲೆಯ ಮಹಾದ್ವಾರದಲ್ಲಿ ಕಾಣಬಹುದು. ಸ್ವಾಮಿಯ ಗಲ್ಲಕ್ಕೆ ಪಚ್ಚಕರ್ಪೂರವನ್ನು ಹಚ್ಚುವ ಪದ್ಧತಿಯೂ ಉಳಿದು ಬಂದಿದೆ. ಹೂದೋಟದ ಕೆಲಸಕ್ಕೆ ಭಗವಂತನೇ ಮಣ್ಣು ಹೊರಲು ಬಂದನೆಂಬುದು ಈ ಕಥೆಯ ಹೃದಯ. ಗೋಪುರ ಕಟ್ಟುವಲ್ಲಿಗೆ ಅವನು ಬಂದನೋ ಇಲ್ಲವೋ, ಬಳ್ಳಿಗೆ ನೀರು ತರುವಲ್ಲಿಗೆ ಮಾತ್ರ ಕರೆಯದೆ ಬಂದನು.

ಪಾರಿಯ ದಾನವೂ ಅನಂತಾಳ್ವಾರರ ಸೇವೆಯೂ ಎರಡೂ ದೊಡ್ಡವು. ಆದರೆ ಅವುಗಳ ನಡುವೆ ಒಂದು ವ್ಯತ್ಯಾಸವಿದೆ. ರಥವನ್ನು ಒಮ್ಮೆ ಕೊಡಬಹುದು. ನೀರನ್ನು ನಿತ್ಯವೂ ಕೊಡಬೇಕು. ಜೀರ್ಣೋದ್ಧಾರಕ್ಕೆ ಧನವಿತ್ತವರ ಹೆಸರನ್ನು ಕಲ್ಲಿನಲ್ಲಿ ಬರೆಸುವುದು ಯೋಗ್ಯವೇ. ಕುಂಭಾಭಿಷೇಕದ ದಿನ ಸಾವಿರ ಜನ ಸೇರುವುದೂ ಸಂತೋಷವೇ. ಆದರೆ ಆ ಚಪ್ಪರ ಬಿಚ್ಚಿದ ಮಾರನೆಯ ಬೆಳಗ್ಗೆ ಬಾಗಿಲು ತೆರೆದು, ನೆಲ ಗುಡಿಸಿ, ದೀಪಕ್ಕೆ ಎಣ್ಣೆ ಎರೆದು, ಬಳ್ಳಿಗೆ ಒಂದು ಕೊಡ ನೀರು ಹಾಕುವವರು ಯಾರು? ಹೊಸ ಬಣ್ಣ ಬಳಿದ ಎಷ್ಟೋ ಗುಡಿಗಳು ನಿತ್ಯಪೂಜೆಯಿಲ್ಲದೆ ಬೀಗ ಹಾಕಿಕೊಂಡು ನಿಂತಿರುವುದನ್ನು ಕಂಡರೆ ಈ ಪ್ರಶ್ನೆಯ ಗುರುತ್ವವು ತಿಳಿದೀತು. ಗೋಡೆಯು ಹತ್ತು ವರ್ಷಗಳ ಅಲಕ್ಷ್ಯವನ್ನು ಸಹಿಸಬಲ್ಲದು. ಬಳ್ಳಿಯು ಒಂದು ಬೇಸಗೆಯ ಅಲಕ್ಷ್ಯವನ್ನೂ ಸಹಿಸದು. ಆದುದರಿಂದ ಒಂದು ಊರಿನ ಭಕ್ತಿಯು ಜೀವಂತವಾಗಿದೆಯೇ ಎಂಬುದನ್ನು ಗೋಪುರವನ್ನು ನೋಡಿ ತಿಳಿಯಲಾಗದು. ಗುಡಿಯ ಹಿಂದಿನ ಬಳ್ಳಿಯನ್ನು ನೋಡಿ ತಿಳಿಯಬಹುದು.

ಪ್ರತಿಯೊಂದು ಊರಿನಲ್ಲಿಯೂ ಹೀಗೆ ಆಸರೆ ಕಾಣದೆ ತೂಗಾಡುವ ಬಳ್ಳಿಗಳು ಗುಡಿಯ ಹೊರಗೂ ಇರುತ್ತವೆ. ಮಕ್ಕಳು ದುಡಿಮೆಗೆಂದು ಬೆಂಗಳೂರು ಸೇರಿದ ಮೇಲೆ ಜಗುಲಿಯಲ್ಲಿ ಒಬ್ಬಳೇ ಉಳಿದ ಅಜ್ಜಿ, ಮಳೆ ಕೈಕೊಟ್ಟು ಕಡಲೆಕಾಯಿಯ ಬೆಳೆ ಕಳೆದುಕೊಂಡು ಮಾತೇ ಕಡಿಮೆಯಾದ ರೈತ, ತರಗತಿಯಲ್ಲಿ ಹಿಂದೆಬಿದ್ದು ಪುಸ್ತಕ ಮುಚ್ಚಿದ ಬಾಲಕ ಇವರಾರೂ ಬಂದು ಬೇಡುವುದಿಲ್ಲ. ಇವರನ್ನು ಕಂಡಾಗ 'ಇದು ಇನ್ನೇನು ಹೂ ಬಿಟ್ಟೀತು' ಎನ್ನುವ ನಾಲಗೆಯೂ, ಬಳ್ಳಿಯನ್ನು ಕಿತ್ತೆಸೆಯುವ ಕೈಯೂ ಒಂದೇ ಮನಸ್ಸಿನಿಂದ ಹೊರಟವು. ಬುಡವನ್ನು ನೋಡುವ ಕಣ್ಣು, ನಾರಿನಂತೆ ಮೃದುವಾಗಿ ಹಿಡಿಯುವ ಕೈ, ಒಂದು ಋತು ಕಾಯುವ ತಾಳ್ಮೆ, ಈ ಮೂರನ್ನು ದೇವರ ತೋಟದಲ್ಲಿ ಕಲಿತವನು ಊರಿನಲ್ಲಿಯೂ ಅವನ್ನು ಬಳಸಬಲ್ಲನು. ಅಹಿಂಸೆ, ಇಂದ್ರಿಯನಿಗ್ರಹ, ಭೂತದಯೆ, ಕ್ಷಮೆ, ಶಾಂತಿ, ತಪಸ್ಸು, ಧ್ಯಾನ, ಸತ್ಯ ಎಂಬ ಎಂಟು ಹೂವುಗಳು ಭಗವಂತನಿಗೆ ಪರಮಪ್ರಿಯವೆಂದು ಹಿರಿಯರು ಎಣಿಸಿದ್ದಾರೆ. ಆ ಎಂಟೂ ಅರಳುವುದು ಇಂಥ ಸೇವೆಯ ಚಪ್ಪರದ ಮೇಲೆಯೇ.

ನವೀಕೃತವಾದ ದೇವಾಲಯದಲ್ಲಿ ಹಾಸುಗಲ್ಲಿನ ನಡುವೆ ಮೂರಡಿಯಷ್ಟು ನೆಲ ಬಳ್ಳಿಗಾಗಿ ಉಳಿಯಲಿ. ಅಭಿಷೇಕದ ನೀರಿಗೆ ಅಲ್ಲಿಗೆ ದಾರಿಯಿರಲಿ. ದಿನಕ್ಕೊಂದು ಮನೆಯವರಂತೆ ನೀರೆರೆಯುವ ಸರದಿ ಊರಿನಲ್ಲಿ ಏರ್ಪಡಲಿ. ಮಕ್ಕಳು ಅಲ್ಲಿ ಹೂ ಕೊಯ್ಯುವುದಕ್ಕೆ ಮುನ್ನ ನೀರು ಹಾಕುವುದನ್ನು ಕಲಿಯಲಿ. ಆಷಾಢದ ಒಂದು ಸಂಜೆ ಆ ಜಾಜಿ ಅರಳಿ, ಅದರ ಪರಿಮಳವು ಗರ್ಭಗೃಹದವರೆಗೆ ಹರಿದು ಬಂದಾಗ, ಅಗಳಿಯ ಜೀರ್ಣೋದ್ಧಾರವು ಪೂರ್ಣವಾಯಿತೆಂದು ತಿಳಿಯಬಹುದು. ಶ್ರೀಸ್ವಾಮಿಯ ಅನುಗ್ರಹವು ಬೇರಿಗೆ ನೀರಾಗಿ, ಕುಡಿಗೆ ಆಸರೆಯಾಗಿ, ಸಕಲ ಭಕ್ತಜನರಿಗೂ ಮಂಗಳವನ್ನುಂಟುಮಾಡಲಿ.